ಹಸೆಯಿಂದ ಏಳಿಸುವ ಪದ

ಆ ವಿಡಿಯೋ ಎಂಟು ನಿಮಿಷದ್ದು. ಅದನ್ನು ಎಂಟು ನಿಮಿಷಕ್ಕೆ ಕತ್ತರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಬೇರೆಯವರ ಮೇಲೆ ಸಿಟ್ಟಾಗುವುದಿದೆ.

ಮೈಸೂರಿನಲ್ಲಿ ಸಂವಹನದ ಎಂ.ಎ. ಮುಗಿಸಿ ಬಂದು ತಾಳವಾಡಿಯ ಒಂದು ಸ್ವಯಂಸೇವಾ ಸಂಸ್ಥೆ ಸೇರಿದ್ದೆ. ಜನಪದ ಹಾಡುಗಳ ಮೂಲಕ ಬಾಲ್ಯವಿವಾಹದ ವಿರುದ್ಧ ಅರಿವು ಮೂಡಿಸುವುದು ನಮ್ಮ ಕೆಲಸ. ಜನರ ಬಾಯಲ್ಲಿರುವ ಮಾಧ್ಯಮದಲ್ಲೇ ಹೊಸ ಮಾತನ್ನು ತಲುಪಿಸಬೇಕು ಎಂದು ನಾನೂ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳೇ.

ಪಣಕಹಳ್ಳಿಯಲ್ಲಿ ಸೋಬಾನೆ ಹಾಡುವ ಹೆಂಗಸರಿಗೆ ನನ್ನ ದೊಡ್ಡವ್ವನೇ ಮುಂದಾಳು. ಮದುವೆಯಲ್ಲಿ ಹೆಣ್ಣನ್ನು ಹಸೆಮಣೆಗೆ ಕೂರಿಸುವುದಕ್ಕೊಂದು ಪದ, ಅಕ್ಕಿ ಹಾಕಿ ಹರಸುವುದಕ್ಕೊಂದು, ಏಳಿಸುವುದಕ್ಕೊಂದು. ಏಳಿಸುವ ಪದದಲ್ಲಿ ಎರಡೂ ಕಡೆಯ ಬೀಗರನ್ನು ಹೆಸರು ಹಿಡಿದು ಬೈಯುತ್ತಾರೆ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಎಲೆ ಅಡಿಕೆ ಕೊಡಬೇಕು.

ನಮ್ಮ ಆಟ ಸರಳವಾಗಿತ್ತು. ಹಾಡಿನೊಂದಿಗೆ ಹುಡುಗಿಯನ್ನು ಹಸೆಗೆ ಕೂರಿಸಿ ಅಕ್ಕಿ ಹಾಕುವುದು, ಶಿಕ್ಷಕಿಯೊಬ್ಬಳು ಬಂದು ತಡೆಯುವುದು, ಏಳಿಸುವ ಪದ ಹಾಡುವುದು, ಎಲ್ಲರೂ ಘೋಷಣೆ ಕೂಗುವುದು. ಸತ್ಯಮಂಗಲದಿಂದ ಬರುತ್ತಿದ್ದ ನಮ್ಮ ಮೇಲಧಿಕಾರಿ ಅಭ್ಯಾಸ ನೋಡಿದರು. "ನಿಗಳ್ಚಿ, ಅದೇ ಕಾರ್ಯಕ್ರಮ, ಎಂಟು ನಿಮಿಷ ದಾಟಬಾರದು. ಬೈಗುಳ ಬೇಡ, ಅತಿಥಿಗಳು ಇರ್ತಾರೆ," ಎಂದರು. ನಾನು ಏಳಿಸುವ ಪದದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ.

"ಕೂರ್ಸೋ ಪದ ಆಡ್ಬುಟ್ಟು ಏಳ್ಸೋ ಪದ ಬುಡದಾ?" ದೊಡ್ಡವ್ವ ಕೇಳಿದಳು. "ಕೂಸು ಅಲ್ಲೇ ಕುಂತಿರ್ಲಾ?"

"ಇದು ನಾಟಕ ದೊಡ್ಡವ್ವ."

"ನಾಟ್ಕ ಅಂತ ಪದಕ್ಕೇನ್ ಗೊತ್ತವ್ವ?"

ಪಕ್ಕದಲ್ಲಿದ್ದವಳು ನಕ್ಕಳು. "ಅವ್ಳು ಮೈಸೂರಲ್ಲಿ ಓದವ್ಳೆ ಕಣಕ್ಕ. ಅಲ್ಲಿ ಎಣ್ಗೋಳು ಅವ್ರೇ ಎದ್ದೋಯ್ತರೆ."

ನನ್ನ ಮುಖ ನೋಡಿ ದೊಡ್ಡವ್ವ ಒಪ್ಪಿದಳು. ಹಸೆಗೆ ಕೂರಲು ನಾನು ಆರಿಸಿದ್ದು ಅವಳ ಪಕ್ಕದ ಮನೆಯ ಹತ್ತನೇ ತರಗತಿಯ ಹುಡುಗಿಯನ್ನು. ಆ ಹುಡುಗಿಯ ಸೋದರತ್ತೆ ಚಾಮರಾಜನಗರದ ಕಡೆಗೆ ಮದುವೆಯಾಗಿ ಹೋದವಳು. ತನ್ನ ಮಗನಿಗೆ ಕೊಡಿ ಎಂದು ವರ್ಷದಿಂದ ಹಿಂದೆ ಬಿದ್ದಿದ್ದಳು. ಅಪ್ಪ "ಪರೀಕ್ಷೆ ಆಗ್ಲಿ" ಎಂದು ತಳ್ಳುತ್ತಿದ್ದ. ಮಗಳನ್ನು ಆ ವೇಷದಲ್ಲಿ ಕಂಡರೆ ಅವನ ಮನಸ್ಸು ಗಟ್ಟಿಯಾದೀತು ಎಂದು ಲೆಕ್ಕ ಹಾಕಿದ್ದೆ. ಎಂಥ ಜಾಣತನ!

ತಾಳವಾಡಿಯ ವೇದಿಕೆಯಲ್ಲಿ ಎಲ್ಲವೂ ಎಂಟು ನಿಮಿಷದಲ್ಲಿ ಮುಗಿಯಿತು. ಚಪ್ಪಾಳೆ ಬಿತ್ತು, ವಿಡಿಯೋ ಎಲ್ಲರ ಫೋನಿಗೂ ಹೋಯಿತು.

ಒಂದು ವಾರಕ್ಕೆ ಸೋದರತ್ತೆ ಹೂವು ಹಣ್ಣು ಹಿಡಿದು ಬಸ್ಸಿಳಿದಳು. ನಾನು ದೊಡ್ಡವ್ವನ ಜಗಲಿಯಲ್ಲಿದ್ದೆ. ಪಕ್ಕದ ಅಂಗಳದ ಮಾತು ಒಂದೂ ಬಿಡದೆ ಕೇಳುತ್ತಿತ್ತು.

"ನೋಡು ಅಣ್ಣ," ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಿದ್ದಳು. "ಊರ್ ಮುಂದೆ ಅಸೆ ಮೇಲೆ ಕೂರ್ಸವ್ರೆ, ಅಕ್ಕಿ ಆಕವ್ರೆ. ಏಳ್ಸವ್ರಾ? ಇಲ್ಲ. ಕುಂತಿರೋ ಎಣ್ಣ ನಾಳೆ ಯಾವನ್ ಕಟ್ಕತ್ತಾನೆ? ನನ್ ಮಗ ಆಯ್ತೀನಿ ಅಂತವ್ನೆ, ಪುಣ್ಯ ಅನ್ಕೊ."

ಅದು ನೆಪ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಇಲ್ಲ ಎನ್ನಲು ಅವನಿಗೆ ನಾನು ಏನೂ ಉಳಿಸಿರಲಿಲ್ಲ. ನೆಲ ನೋಡುತ್ತಾ, "ಬರೋ ತಿಂಗ್ಳು ನೋಡನ," ಎಂದ.

ಹುಡುಗಿ ಬಾಗಿಲ ಮರೆಯಿಂದ ಬಂದು ನನ್ನನ್ನು ಕೇಳಿದಳು: "ಅಕ್ಕ, ಕುಂತ್ಕೊ ಅಂದದ್ದು ನೀವೇ ಅಲ್ವಾ?"

ಮೇಲಧಿಕಾರಿಗೆ ಫೋನ್ ಮಾಡಿದೆ. ಮದುವೆಯ ದಿನ ಗೊತ್ತಾಗದೆ ದೂರು ಕೊಡಲಾಗದು ಎಂದರು. ಹಾಗಿದ್ದರೆ ವಿಡಿಯೋ ತೆಗೆಯಿರಿ ಎಂದೆ. "ಚೆನ್ನಾಗಿ ಓಡ್ತಿದೆ ಅಮ್ಮ, ಈಗ ಯಾಕೆ?" ಎಂದರು. ಹುಡುಗಿ ಯಾರು ಎಂದು ಕೂಡ ಕೇಳಲಿಲ್ಲ. ಸಿಟ್ಟಿನಿಂದ ಫೋನನ್ನು ಜಗಲಿಯ ಮೇಲೆ ಕುಕ್ಕಿದೆ.

ದೊಡ್ಡವ್ವ ಹೊಲದ ಕಡೆ ಹೋದಳು. ಅರ್ಧ ಗಂಟೆಯಲ್ಲಿ ಸೋಬಾನೆ ಹಾಡುವ ಆರು ಜನ ಹೆಂಗಸರು ಕಾಲಿನ ಮಣ್ಣನ್ನೂ ತೊಳೆಯದೆ ಆ ಅಂಗಳಕ್ಕೆ ನುಗ್ಗಿದರು. ಮಣೆ ಹಾಕಿ ಹುಡುಗಿಯನ್ನು ಕೂರಿಸಿದರು.

"ಏನ್ ಇದು?" ಸೋದರತ್ತೆ ಎದ್ದಳು.

"ಬಾಕಿ ಇತ್ತಲ್ಲ ಕಣವ್ವ, ನೀನೇ ಅಂದಲ್ಲ. ಕುಂತ್ಕೊ," ಎಂದು ದೊಡ್ಡವ್ವ ಪದ ಎತ್ತಿದಳು. ಮೊದಲು ಅಪ್ಪನಿಗೆ:

ಕೋಸು ಬಲಿಯೋಗಂಟ ಕಾಯ್ತಾನೆ ಒಲದಲ್ಲಿ
ಕೂಸು ಬಲಿಯೋಗಂಟ ಕಾಯಕ್ಕೆ ಬುಡುವಿಲ್ಲ, ಸೋಬಾನವೇ

ಆಮೇಲೆ ಸೋದರತ್ತೆಗೆ:

ಸೊಸೆ ಬೇಕು ಅಂತಾಳೆ, ಸೊಸೆಯಲ್ಲ ಬೇಕಾದ್ದು
ಕಾಲಿರೋ ಕೊಡ ಬೇಕು ನೀರ್ ತರಕ್ಕೆ, ಸೋಬಾನವೇ

ಅಂಗಳದ ಸುತ್ತ ಜನ ಸೇರಿದ್ದರು. ಯಾರೋ ಕಿಸಕ್ಕೆಂದರು. ಸೋದರತ್ತೆಯ ಮುಖ ಕೆಂಪಾಯಿತು. ಆದರೆ ಸಿಟ್ಟಾಗುವಂತಿರಲಿಲ್ಲ. ಎಂಟು ನಿಮಿಷ ಹಾಡಲಿಲ್ಲ ಅವರು, ಮುಕ್ಕಾಲು ಗಂಟೆ ಹಾಡಿದರು. ನಾನು ಗೆರೆ ಎಳೆದು ಅಳಿಸಿದ್ದ ಜಾಗದಲ್ಲಿ ಇದೆಲ್ಲ ಇತ್ತು.

ಕೊನೆಗೆ ದೊಡ್ಡವ್ವ ಹುಡುಗಿಯ ಕೈ ಹಿಡಿದು ಎತ್ತಿದಳು. "ಎದ್ದಾಯ್ತು. ಓಗಿ ಓದ್ಕೊ."

ಅಪ್ಪ ಒಳಗೆ ಹೋಗಿ ಎಲೆ ಅಡಿಕೆ ತಂದ. ಎಲ್ಲರಿಗೂ ಕೊಟ್ಟು, ಕೊನೆಯಲ್ಲಿ ತಂಗಿಯ ಮುಂದೆ ನಿಂತು, "ಪರೀಕ್ಷೆ ಆಗ್ಲಿ," ಎಂದ. ಅವಳು ಕಾಫಿ ಕುಡಿಯದೆ ಬಸ್ಸಿಗೆ ಹೋದಳು.

ಪರೀಕ್ಷೆಯ ಆಚೆಗೆ ಏನು ಎಂದು ನನಗೆ ಗೊತ್ತಿಲ್ಲ. ಸದ್ಯಕ್ಕೆ ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ.

ವಿಷಯ ತಿಳಿದ ಮೇಲಧಿಕಾರಿಗೆ ಬಹಳ ಸಂತೋಷವಾಯಿತು. ಅದೇ ಹಾಡನ್ನು ಕ್ಯಾಮೆರಾ ಮುಂದೆ ಮತ್ತೊಮ್ಮೆ ಹೇಳಿಸಿ, ಬೈಗುಳ ಸ್ವಲ್ಪ ಕಡಿಮೆ ಮಾಡಿ, ಎಂದರು. ಆಗುವುದಿಲ್ಲ ಎಂದೆ. ಹಳೆಯ ವಿಡಿಯೋವನ್ನೇ ಸಭೆಗಳಲ್ಲಿ ಹಾಕುತ್ತಿದ್ದಾರೆ.

ಮೊನ್ನೆ ಜೀರಹಳ್ಳಿಯಲ್ಲಿ ಹಾಕಿದರು. ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿ ಕೇಳಿದಳು: "ಕೂಸ್ನ ಏಳ್ಸೇ ಇಲ್ವಲ್ಲಪ್ಪ?"

ಪ್ರಶ್ನೆಗಳು ಕೊನೆಗೆ ಎಂದು ಮೈಕಿನಲ್ಲಿ ಹೇಳಿದರು. ಕೊನೆಗೆ ಟೀ ಕೊಟ್ಟರು.