ಒಲೆ ಹೊತ್ತದ ಸಾಂಬಾರು

2009ರಲ್ಲಿ ನಾನು ನಾಸಿಕ್‌ನ ಒಂದು ಪುಟ್ಟ ಇ-ಪಬ್ಲಿಷಿಂಗ್ ಕಚೇರಿಯಲ್ಲಿ ಸ್ಟೈಲ್‌ಶೀಟ್ ಬರೆಯುತ್ತಿದ್ದೆ. ಅದಕ್ಕೆ ಮುಂಚಿನ ಹನ್ನೊಂದು ವರ್ಷ ಬ್ಯಾಂಕಿನ ಅರ್ಜಿ ನಮೂನೆಗಳನ್ನು ಕಂಪ್ಯೂಟರಿಗೆ ಹೊಂದಿಸಿದವನು. ಪ್ರತಿ ಮಾಹಿತಿಗೂ ಒಂದು ಚೌಕ. ಚೌಕದ ಹೊರಗೆ ಬರೆದದ್ದಕ್ಕೆ ಬೆಲೆಯಿಲ್ಲ. ಆ ಅಭ್ಯಾಸ ರಕ್ತಕ್ಕೇ ಇಳಿದಿತ್ತು.

ಉಡುಪಿ ಕಡೆಯ ಸುಧಾಕರ್ ಅಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ಆಗ ಔರಂಗಾಬಾದ್ ಎನ್ನುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಅವರ ಎರಡನೆಯ ಹೋಟೆಲ್ ಸೋಮವಾರ ಶುರುವಾಗಬೇಕಿತ್ತು. ಅಡುಗೆಮನೆಯ ಜೀವವೇ ಆಗಿದ್ದ ತಾಯಿ ಕಮಲಕ್ಕನಿಗೆ ಮಂಡಿನೋವು. ಅಲ್ಲಿ ದಿನವಿಡೀ ನಿಂತು ಕಲಿಸುವಂತಿರಲಿಲ್ಲ. ಅದಕ್ಕೇ ಅವರು ಹೇಳಿ ಬರೆಸಿದ ನಲವತ್ತೆರಡು ಅಡುಗೆಗಳ ಪುಸ್ತಕ ಹೊಸ ಬಾಣಸಿಗರ ಕೈಸೇರಬೇಕಿತ್ತು. ಅದನ್ನು ತಯಾರಿಸುವ ಕೆಲಸ ನಮ್ಮ ಕಚೇರಿಗೆ ಬಂದಿತ್ತು. ಪುಸ್ತಕ ಕೆಟ್ಟರೆ ಅವರ ಕೈರುಚಿ ನಾಸಿಕ್ ದಾಟುತ್ತಿರಲಿಲ್ಲ.

ಬರಹವನ್ನು ಎಕ್ಸ್‌ಎಂಎಲ್‌ನಲ್ಲಿ ಸಿದ್ಧಪಡಿಸಿದೆವು. ಅಂದರೆ ವಾಕ್ಯದೊಳಗಿನ ಪ್ರತಿ ಸಾಮಾನಿನ ಹೆಸರಿಗೂ ಟ್ಯಾಗ್ ಎಂಬ ಗುರುತುಚೀಟಿ ಹಾಕಿದೆವು. ಒಂದೇ ಫೈಲಿನಿಂದ ಉಗ್ರಾಣದ ಪಟ್ಟಿಯೂ ಪುಸ್ತಕವೂ ಬರಬೇಕಿತ್ತು. ಫೈಲನ್ನು ಪುಟವಾಗಿಸುವ ಸೂಚನೆಗಳೇ ಸ್ಟೈಲ್‌ಶೀಟ್. ಪಟ್ಟಿ ಸೊಗಸಾಗಿ ಬಂತು. ಬೀಗುತ್ತಾ ಅದೇ ಸೂಚನೆಯನ್ನು ಪುಸ್ತಕಕ್ಕೂ ಹಚ್ಚಿ, ಶನಿವಾರ ಬೆಳಿಗ್ಗೆ ಪ್ರತಿ ಹಿಡಿದು ಹೋಟೆಲಿಗೆ ಹೋದೆ.

ಕಮಲಕ್ಕ ಕನ್ನಡಕ ಏರಿಸಿ ಸಾಂಬಾರಿನ ಪುಟ ಓದಿದರು: “ತೊಗರಿಬೇಳೆ ಹುಣಸೆಹಣ್ಣು ಬೆಲ್ಲ ಇಂಗು.” ಮತ್ತೇನೂ ಇರಲಿಲ್ಲ.

“ನಾನು ಹೇಳಿದ್ದೆಲ್ಲ ಎಲ್ಲಿ ಹೋಯ್ತು ಮಾರಾಯ್ರೆ? ಇದ್ರಲ್ಲಿ ಒಲೆಯೇ ಹೊತ್ತಿಸ್ಲಿಲ್ಲ!”

ಅಡುಗೆಮನೆಯೆಲ್ಲ ನಕ್ಕಿತು.

“ತಪ್ಪು ನಂದರೀ ಅಕ್ಕಾ,” ಎಂದೆ. “ಸಂಜೀತನಕ ಟೈಮ್ ಕೊಡ್ರಿ.”

ಮೂಲದಲ್ಲಿ ಹೀಗಿತ್ತು: ತೊಗರಿಬೇಳೆ ಬೆಂದು ಕರಗಿದ ಮೇಲೆ ಹುಣಸೆಹಣ್ಣು ಕಿವುಚಿ ಹಾಕಿ, ಹಸಿ ವಾಸನೆ ಹೋಗುವ ತನಕ ಬೆಲ್ಲ ಮುಟ್ಟಬೇಡಿ, ಇಂಗು ಕೊನೆಗೆ. ಹೀಗೆ ಟ್ಯಾಗೂ ಬಿಡಿಮಾತೂ ಬೆರೆತಿರುವುದಕ್ಕೆ ಮಿಕ್ಸ್‌ಡ್ ಕಂಟೆಂಟ್ ಎನ್ನುತ್ತಾರೆ. ನನ್ನ ಸೂಚನೆ ಟ್ಯಾಗ್ ಇದ್ದದ್ದನ್ನಷ್ಟೇ ಹೆಕ್ಕಿ, ನಡುವಿನ ಮಾತನ್ನೆಲ್ಲ ಬಿಟ್ಟುಬಂದಿತ್ತು. ಬ್ಯಾಂಕಿನ ಚಾಳಿ! ಆ ಸಾಲು ಅಳಿಸಿ, ಒಳಗಿರುವುದನ್ನೆಲ್ಲ ಇದ್ದ ಕ್ರಮದಲ್ಲೇ ಸಾಗಿಸುವ ‘ಅಪ್ಲೈ-ಟೆಂಪ್ಲೇಟ್ಸ್’ ಎಂಬ ಆಜ್ಞೆ ಬರೆದೆ. ಮಾತುಗಳು ತಂತಮ್ಮ ಜಾಗಕ್ಕೆ ಬಂದು ಕೂತಾಗ ಖುಷಿ ತಡೆಯಲಾರದೆ ಎದ್ದು ಚಪ್ಪಾಳೆ ತಟ್ಟಿದೆ.

ಸಂಜೆ ಕಮಲಕ್ಕನ ಎದುರು ಕೂತು ಇಡೀ ಪುಸ್ತಕ ಓದಿದೆ. ಅವರು ತಲೆದೂಗುತ್ತಾ ಕೇಳಿದರು.

ಸೋಮವಾರ ಹೊಸ ಹೋಟೆಲಿಗೆ ಅವರು ಅತಿಥಿಯಾಗಿ ಬಂದರು. ಅವರನ್ನು ಎಂದೂ ಕಂಡಿರದ ಬಾಣಸಿಗ ಪುಸ್ತಕ ನೋಡಿ ಮಾಡಿದ ಸಾಂಬಾರನ್ನು ಬಾಳೆಲೆಯ ಮೇಲಿನ ಅನ್ನಕ್ಕೆ ಕಲಸಿ ಬಾಯಿಗಿಟ್ಟರು. ತಲೆ ತಗ್ಗಿಸಿಯೇ ಇನ್ನೊಂದು ತುತ್ತು ಕಲಸಿದರು. ಸುಧಾಕರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಯಾವ ಬರಹವನ್ನಾದರೂ ಅದನ್ನು ಹೇಳಿದವರಿಗೇ ಓದಿ ತೋರಿಸದೆ ಕೆಲಸ ಮುಗಿಯಿತೆನ್ನಬಾರದು ಎಂಬುದನ್ನು ನನ್ನ ವೃತ್ತಿ ಕಲಿಸಿದ್ದು ಆ ಎಲೆಯ ಮುಂದೆ. ಕಮಲಕ್ಕ ಕೊನೆಗೂ ತಲೆಯೆತ್ತಿ ಬಾಣಸಿಗನಿಗೆ ಹೇಳಿದರು: “ಇನ್ನೊಂದು ಸೌಟು ಹಾಕಿ.”