ಅಣ್ಣತಮ್ಮರ ಬ್ಯಾಟರಿ

ಔರಾದಿನ ಗುಲಾಮ ರಸೂಲ ಮೂವತ್ತು ವರ್ಷ ಬ್ಯಾಟರಿ ಅಂಗಡಿ ನಡೆಸಿದವನು. ಆ್ಯಸಿಡ್ ತಾಗಿ ಅವನ ಅಂಗಿಗಳೆಲ್ಲ ಜರಡಿಯಾಗಿದ್ದವು, ಜಂಬ ಮಾತ್ರ ಎಲ್ಲೂ ತೂತಾಗಿರಲಿಲ್ಲ. "ನನ್ನ ಬ್ಯಾಟರಿ ಖರಾಬ್ ಅಂತ ಯಾರರೆ ವಾಪಸ್ ಬಂದಾರೇನ್ರಿ?" ಎಂದು ಸುಮ್ಮನೆ ಕೂತು ಹೋಗಲು ಬಂದ ನನ್ನಂಥವರನ್ನೂ ಕೇಳುತ್ತಿದ್ದ.

ಎಕಂಬಾದ ಮಡೆಪ್ಪ ಅವನ ಹಳೆಯ ಗಿರಾಕಿ. ಮಡೆಪ್ಪನ ಹೆಂಡತಿ ಗಂಗುಬಾಯಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಸ್ವಂತ ವ್ಯಾನಿನಲ್ಲಿ ಬೀದರಿಗೆ ಡಯಾಲಿಸಿಸ್‌ಗೆ ಹೋಗಬೇಕು; ತಪ್ಪಿದರೆ ಎದೆಯಲ್ಲಿ ನೀರು ತುಂಬಿ ಉಸಿರು ಸಿಗದು. ಆದರೆ ಕರೆಂಟ್ ಹೋದಾಗಲೆಲ್ಲ ಅವಳ ಫ್ಯಾನಿಗೆ ಅದೇ ವ್ಯಾನಿನ ಬ್ಯಾಟರಿಯಿಂದ ವೈರು ಎಳೆಯುತ್ತಿದ್ದರು. ಬೆಳಿಗ್ಗೆ ಇಂಜಿನ್ ಏಳುತ್ತಿರಲಿಲ್ಲ.

ರಸೂಲ ಹೋಗಿ ವ್ಯಾನಿನಲ್ಲೇ ಫ್ಯಾನಿಗೆಂದು ಎರಡನೆಯ ಬ್ಯಾಟರಿ ಇಟ್ಟ. ನಡುವೆ ಒಂದು ಸ್ವಿಚ್ಚು. ಗಾಡಿ ಓಡುವಾಗ ಕೂಡಿಸಿದರೆ ಎರಡೂ ಚಾರ್ಜ್ ಆಗುತ್ತವೆ. ನಿಂತ ಮೇಲೆ ಬಿಡಿಸಬೇಕು, ಇಲ್ಲದಿದ್ದರೆ ಫ್ಯಾನು ಎರಡನ್ನೂ ಹೀರುತ್ತದೆ.

"ಮನಿದು ಬ್ಯಾರಿ, ಗಾಡಿದು ಬ್ಯಾರಿ ಮಾಡೇನಿ ನೋಡ್ರಿ ಅಕ್ಕಾರ."

ಗಂಗುಬಾಯಿಯ ಮುಖ ಸಣ್ಣದಾಯಿತು. ಅವಳ ಇಬ್ಬರು ಗಂಡುಮಕ್ಕಳು ಆ ವರ್ಷವೇ ಬೇರೆಯಾಗುವ ಮಾತು ತೆಗೆದಿದ್ದರು. "ನಮ್ಮ ಮನ್ಯಾಗ ಬ್ಯಾರಿ ಅನ್ನಬ್ಯಾಡ್ರಿ, ಉಸ್ತಾದ."

ರಸೂಲನ ಬಾಯಿ ಸುಮ್ಮನಿರುವುದಿಲ್ಲ. "ಹಂಗಾರ ಇವು ನಿಮ್ಮ ಮಕ್ಕಳ ಅನ್ಕೋರಿ. ಇಂವ ಅಣ್ಣ, ಇಂವ ತಮ್ಮ" ಎಂದು ನಗಿಸಿ ಬಂದ.

ಕಾರಹುಣ್ಣಿಮೆ ಹೊತ್ತಿನ ಗಾಳಿಗೆ ಕಂಬ ಉರುಳಿ ಮೂರು ದಿನ ಕರೆಂಟ್ ಇರಲಿಲ್ಲ. ಡಯಾಲಿಸಿಸ್ ದಿನ ಮಡೆಪ್ಪ ಕೀಲಿ ತಿರುವಿದರೆ ವ್ಯಾನು ಟಕ್ ಎಂದು ಸುಮ್ಮನಾಯಿತು. ಮಕ್ಕಳಿಬ್ಬರೂ ಸೇರಿ ನೂಕಿದರು, ಇಂಜಿನ್ ಏಳಲಿಲ್ಲ. ಅವರು ಕೂಡಿ ಮಾಡಿದ ಕೊನೆಯ ಕೆಲಸ ಅದು. ಬೇರೆ ಗಾಡಿ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು. ಗಂಗುಬಾಯಿ ದಾರಿಯಲ್ಲೇ ಹೋದಳು.

ಮಣ್ಣು ಮಾಡಿದ ಮೂರನೇ ದಿನ ರಸೂಲ ವ್ಯಾನು ನೋಡಲು ಹೋದ. ಸ್ವಿಚ್ಚು ಕೂಡಿಸಿದ ಕಡೆಗೇ ಇತ್ತು. ಎರಡೂ ಬ್ಯಾಟರಿಗೆ ಅರಿಶಿನ ಕುಂಕುಮ ಹಚ್ಚಿ, ಎರಡನ್ನೂ ಸೇರಿಸಿ ಒಂದೇ ದಾರ ಸುತ್ತಿತ್ತು. ಫ್ಯಾನು ತಿರುಗಿಸಿ ತಿರುಗಿಸಿ ಎರಡೂ ಬತ್ತಿದ್ದವು. ಆ ಮನೆಯಲ್ಲಿ ದಾರ ಸುತ್ತುವ ಕೈ ಯಾರದೆಂದು ಅವನಿಗೆ ಕೇಳಬೇಕಾಗಿರಲಿಲ್ಲ. ಅಣ್ಣ, ತಮ್ಮ ಎಂದ ತನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದುಕೊಂಡ.

"ಏನಾಗಿತ್ರಿ ಉಸ್ತಾದ? ನಮ್ದೇನರೆ ತಪ್ಪಾಯ್ತೇನು?" ಮಡೆಪ್ಪ ಹಿಂದೆಯೇ ಬಂದು ನಿಂತಿದ್ದ.

ರಸೂಲ ಸ್ವಿಚ್ಚನ್ನು ಬಿಡಿಸಿ, ದಾರ ಹರಿದು ಜೇಬಿಗೆ ಹಾಕಿಕೊಂಡ.

"ನಿಮ್ದೇನಿಲ್ರಿ. ನಾ ಕೊಟ್ಟ ಬ್ಯಾಟರಿನೇ ಖರಾಬ್ ಇತ್ತು."

ಮಡೆಪ್ಪ ನಂಬಿದ. ಆಮೇಲೆ ಎಕಂಬಾದಿಂದ ಒಬ್ಬರೂ ಆ ಅಂಗಡಿಗೆ ಬರಲಿಲ್ಲ.