ಬೋರ್ಡು ಹಾಕಿದ ಮೇಲೆ ಹತ್ತಿದ ಘಾಟು

ಖತೀಜಾಳ ಮನೆಯಲ್ಲಿ ಖಾರದ ಗಿರಣಿ ತಿರುಗಲು ಶುರುವಾಗಿ ಎರಡು ವರ್ಷವಾದರೂ ಆ ಕಾಲೊನಿಯಲ್ಲಿ ಒಬ್ಬರೂ ಸೀನಿರಲಿಲ್ಲ. ಅವಳು ಬೋರ್ಡು ಹಾಕಿದ ವಾರವೇ ಎಲ್ಲರಿಗೂ ಒಟ್ಟಿಗೆ ಘಾಟು ಹತ್ತಿತು. ಮನುಷ್ಯರ ಮೂಗು ಹೀಗೂ ಕೆಲಸ ಮಾಡುತ್ತದೆಂದು ಆ ಹೆಂಗಸಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶಿರಸಿ ಪೇಟೆಯ ಗದ್ದಲ ಮುಗಿಯುವಲ್ಲಿ ಈ ಕಾಲೊನಿ. ಖತೀಜಾಳ ಗಂಡ ಜಹೀರ್ ಲಾರಿ ಓಡಿಸಿ ದುಡಿದು ಕಟ್ಟಿದ ಮನೆ ಅದು. ಯಲ್ಲಾಪುರದ ಕಡೆ ಘಟ್ಟ ಇಳಿಯುವಾಗ ಲಾರಿ ಮಗುಚಿ ಅವನ ಸೊಂಟದ ಕೆಳಗೆ ಜೀವವೇ ಹೋಯಿತು. ಅಂದಿನಿಂದ ಮಂಚ ಬಿಟ್ಟವನಲ್ಲ. ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ನೀರು ಬೇಕೆಂದರೂ ಇನ್ನೊಬ್ಬರು ತಂದಿಡಬೇಕು. ಮಗಳು ಅಸ್ಫಿಯಾ ಮದುವೆಯಾಗಿ ದೂರ ಹೋಗಿದ್ದಳು. ಮನೆ ಬಿಟ್ಟು ಹೋಗುವಂತಿಲ್ಲ, ದುಡಿಯದೆ ಇರುವಂತಿಲ್ಲ. ಹಾಗಾಗಿ ಖತೀಜಾ ಮುಂದಿನ ಕೋಣೆಗೆ ಗಿರಣಿ ತಂದಳು. ಜಹೀರ್ ಒಳಗಿಂದ ಗೋಡೆ ತಟ್ಟಿದರೆ ಮಿಶನ್ ಆರಿಸಿ ಹೋಗುತ್ತಿದ್ದಳು, ಗಿರಾಕಿಗಳು ಕಾಯುತ್ತಿದ್ದರು.

ಗಿರಾಕಿಗಳೆಂದರೆ ಕಾಲೊನಿಯವರೇ. ಅವರದೊಂದು ಪದ್ಧತಿಯಿತ್ತು. ಮೆಣಸು, ಕೊತ್ತಂಬರಿ, ಜೀರಿಗೆ ಎಲ್ಲವನ್ನೂ ತಮ್ಮ ತಮ್ಮ ಮನೆಯಲ್ಲೇ ಹುರಿದು ಡಬ್ಬಿಯಲ್ಲಿ ತರುತ್ತಿದ್ದರು. ಇವಳ ಬಾಣಲೆಯಲ್ಲಿ ಹುರಿದದ್ದು ಅವರಿಗೆ ನಡೆಯುತ್ತಿರಲಿಲ್ಲ, ಇವಳ ಮಿಶನ್‌ನಲ್ಲಿ ಪುಡಿಯಾದದ್ದು ನಡೆಯುತ್ತಿತ್ತು. ಅದರ ಲೆಕ್ಕಾಚಾರ ಅವರಿಗೇ ಪ್ರೀತಿ. ಖತೀಜಾ ಅದಕ್ಕೂ ಬೇಜಾರು ಮಾಡಿಕೊಂಡವಳಲ್ಲ.

ಅವಳು ಮಾಡಿದ ತಪ್ಪು ಒಂದೇ. ಕೆಲಸ ಕೈಹಿಡಿಯಿತೆಂಬ ಖುಷಿಗೆ ಗೇಟಿನ ಮೇಲೆ ‘ಅಸ್ಫಿಯಾ ಖಾರದ ಗಿರಣಿ’ ಎಂದು ಹಸಿರು ಬೋರ್ಡು ಹಾಕಿಸಿದಳು. ಅಲ್ಲಿಯವರೆಗೆ ಅವಳು ಕಷ್ಟದಲ್ಲಿರುವ ಪಾಪದ ಹೆಂಗಸು. ಬೋರ್ಡು ಏರಿದ್ದೇ ವ್ಯಾಪಾರಸ್ಥೆಯಾಗಿಬಿಟ್ಟಳು.

ದೂರು ಕೊಟ್ಟವನು ಎದುರು ಮನೆಯ ನಾಗಪತಿ. ಮತ್ತಿಘಟ್ಟದಲ್ಲಿ ತೋಟ, ಇಲ್ಲಿ ಎರಡಂತಸ್ತಿನ ಮನೆ, ಕಾಲೊನಿ ಸಂಘದ ಅಧ್ಯಕ್ಷಗಿರಿ. ವಸತಿ ಪ್ರದೇಶದಲ್ಲಿ ಉದ್ಯಮ, ಸದ್ದು, ಘಾಟು, ಅನ್ಯರ ಓಡಾಟ ಎಂದೆಲ್ಲ ಬರೆದಿದ್ದ. ಅನ್ಯರು ಯಾರು? ಅವನ ಹೆಂಡತಿ ತನುಜಾಳೇ ತಿಂಗಳಿಗೊಮ್ಮೆ ಡಬ್ಬಿ ಹಿಡಿದು ಬರುತ್ತಿದ್ದಳು.

ತಪಾಸಣೆಗೆ ನಗರಸಭೆಯ ಅಧಿಕಾರಿ ಬಂದ ದಿನ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವನು ಖತೀಜಾಳ ಅಂಗಳದಲ್ಲಿ ನಿಂತು ದೂರಿನ ಪತ್ರ ಬಿಡಿಸಿ ‘ಶಬ್ದದಿಂದ ನೆರೆಹೊರೆಯವರಿಗೆ’ ಎಂದು ಓದಲು ಶುರುಮಾಡಿದ. ಮುಂದಿನದು ಯಾರಿಗೂ ಕೇಳಲಿಲ್ಲ. ಎದುರಿನ ಶೆಡ್ಡಿನಲ್ಲಿ ನಾಗಪತಿಯ ಅಡಿಕೆ ಸುಲಿಯುವ ಯಂತ್ರ ಅಬ್ಬರಿಸುತ್ತಿತ್ತು. ಅಧಿಕಾರಿ ಎರಡು ಸಲ ಗಂಟಲು ಸರಿಮಾಡಿಕೊಂಡ. ಕೊನೆಗೆ ನಾಗಪತಿಯೇ ಓಡಿಹೋಗಿ ಯಂತ್ರ ನಿಲ್ಲಿಸಿ ಬಂದು, ಕೈಕಟ್ಟಿ ನಿಂತು, “ಈಗ ಓದಿ ಸಾಹೇಬ್ರೇ” ಎಂದ. ನಾಚಿಕೆ ಎಂಬುದು ಅವನ ಮುಖದ ಹತ್ತಿರವೂ ಸುಳಿಯಲಿಲ್ಲ.

ಖತೀಜಾ ಕೇಳಿದಳು: “ಅದು ಸದ್ದಲ್ವಾ ಸಾಹೇಬ್ರೇ?”

“ಅದು ಕೃಷಿ ಕೆಲ್ಸ ಅಮ್ಮಾ.”

“ಅವ್ರ ತೋಟದ್ದಾದ್ರೆ ಸೈ. ಆ ಚೀಲ ಎಲ್ಲಾ ಉಮ್ಮಚಗಿ ಊರವ್ರದ್ದು. ಬಾಡಿಗೆಗೆ ಸುಲಿಯೂದು.”

ಅಧಿಕಾರಿ ಶೆಡ್ಡಿನ ಕಡೆ ನೋಡಿದ, ನಾಗಪತಿಯ ಕಡೆ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. “ಅದ್ರ ಮೇಲೆ ದೂರು ಬರ್ಲಿಲ್ಲ” ಎಂದ. ಮನೆಯವರೇ ನಡೆಸುವ ಸಣ್ಣ ಕಸುಬಿಗೆ ವಸತಿ ವಲಯದಲ್ಲಿ ಅವಕಾಶ ಇದೆ, ಆದರೆ ಅಕ್ಕಪಕ್ಕದವರ ತಕರಾರು ಇರಬಾರದು, ಅವರ ಒಪ್ಪಿಗೆಯ ಸಹಿ ತಂದರೆ ಗಿರಣಿ ಉಳಿಯುತ್ತದೆ ಎಂದು ಹೇಳಿ ಹೊರಟ. ಅವನು ಬೀದಿ ತಿರುಗುವಷ್ಟರಲ್ಲಿ ಶೆಡ್ಡಿನಲ್ಲಿ ಮತ್ತೆ ಸದ್ದು ಶುರುವಾಯಿತು.

ಸಹಿಗಾಗಿ ಖತೀಜಾ ಮನೆಮನೆ ಹತ್ತಿದಳು. ಎಲ್ಲರೂ ಕೂರಿಸಿದರು, ಜಹೀರನ ಆರೋಗ್ಯ ಕೇಳಿದರು, ಚಾ ಕೊಟ್ಟರು. ಒಬ್ಬರೂ ಬೇಡ ಎನ್ನಲಿಲ್ಲ, ಒಬ್ಬರೂ ಪೆನ್ನು ಮುಟ್ಟಲಿಲ್ಲ. “ನಮ್ಗೆ ಎಂತದೂ ತೊಂದ್ರೆ ಇಲ್ಲ ಖತೀಜಕ್ಕ, ಉಳಿದವ್ರು ಹಾಕಿದ್ರೆ ನಾವೂ ಹಾಕ್ತೇವೆ” ಎಂಬ ಮಾತನ್ನು ಪ್ರತಿ ಮನೆಯಲ್ಲೂ ಕೇಳಿ, ಖಾಲಿ ಹಾಳೆ ಹಿಡಿದುಕೊಂಡೇ ಮನೆಗೆ ಮರಳಿದಳು. ಮುಖಕ್ಕೆ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೋರ್ಡು ಇಳಿಸಿ ಗಿರಣಿ ನಿಲ್ಲಿಸಿದ ಕೆಲವು ದಿನಗಳಿಗೆ ಹಿತ್ತಲ ಬಾಗಿಲು ಸದ್ದಾಯಿತು. ತನುಜಾ! ಸೆರಗಿನಡಿಯಲ್ಲಿ ಡಬ್ಬಿ.

“ಪೇಟೆ ಗಿರಣಿಯಲ್ಲಿ ಎಲ್ಲಾರ ಖಾರ ಒಟ್ಟಿಗೆ ಹಾಕ್ತಾರೆ ಮಾರಾಯ್ತಿ, ಮನಸ್ಸೇ ಬರೂದಿಲ್ಲ. ಸ್ವಲ್ಪ ಪುಡಿ ಮಾಡಿ ಕೊಡು. ಯಾರಿಗೂ ಗೊತ್ತಾಗೂದಿಲ್ಲ.”

“ನಾಗಪತಣ್ಣಂಗೆ ಸದ್ದು ಕೇಳೂದಿಲ್ವಾ?”

“ಅವ್ರೇ ಹೇಳಿದ್ದು. ಹಿಂದಿನ ಬಾಗಿಲಲ್ಲಿ, ನಮ್ಮ ನಮ್ಮವ್ರದ್ದಾದ್ರೆ ಅಡ್ಡಿಲ್ಲಂತೆ. ಬೋರ್ಡೊಂದು ಹಾಕ್ಬೇಡ, ಅಷ್ಟೆ.”

ಖತೀಜಾಳ ಕೈ ಅಭ್ಯಾಸಬಲದಿಂದ ಡಬ್ಬಿಗೆ ಚಾಚಿತು. ಆ ಕೈ ಕಂಡು ಅವಳಿಗೇ ಅಸಹ್ಯವಾಯಿತು. ಅವರಿಗೆ ಬೇಕೆನಿಸಿದಾಗ ಗಿರಣಿ ತಿರುಗಬೇಕು, ಬೇಡವೆನಿಸಿದ ದಿನ ಮತ್ತೊಂದು ದೂರು. ಹೀಗೆ ಕಳ್ಳಿಯ ಹಾಗೆ ಬದುಕಬೇಕಂತೆ, ತನ್ನದೇ ಮನೆಯಲ್ಲಿ!

“ಸಹಿ ಹಾಕು ತನುಜಕ್ಕ. ಮುಂದಿನ ಬಾಗಿಲಲ್ಲಿ ಬಾ. ನಿಂದೇ ಮೊದ್ಲು ಪುಡಿ ಮಾಡ್ತೆ.”

ತನುಜಾ ಮುಖ ಊದಿಸಿಕೊಂಡು ಡಬ್ಬಿಯೊಂದಿಗೆ ಹೋದಳು. ಖತೀಜಾಳಿಗೆ ಸೊಕ್ಕು ಜಾಸ್ತಿ ಎಂಬ ಮಾತು ಸಂಜೆಯೊಳಗೆ ಬೀದಿಯೆಲ್ಲ ಹಬ್ಬಿತು.

ಮುಂದೆ ಬೇರೆ ದಾರಿ ಉಳಿಯಲಿಲ್ಲ. ಪೇಟೆಯಲ್ಲಿ ಮಸೀದಿಯ ಹಿಂದೆ ಒಂದು ಕಿರಿದಾದ ಮಳಿಗೆ ಸಿಕ್ಕಿ, ಗಿರಣಿ ಅಲ್ಲಿಗೆ ಹೋಯಿತು. ಮೊದಲ ದಿನ ಬೆಳಿಗ್ಗೆ ಅವಳು ಜಹೀರನ ಮಗ್ಗುಲು ಬದಲಿಸಿ, ಕೈಗೆಟುಕುವಂತೆ ನೀರು, ಮೊಬೈಲು ಇಟ್ಟು, ಮಧ್ಯಾಹ್ನದವರೆಗೆ ತಡೆದುಕೊಳ್ಳಿ ಎಂದಳು. ಗೇಟಿನ ಹತ್ತಿರ ತನುಜಾ ಸಿಕ್ಕಿ, ಏನೂ ಆಗಿಲ್ಲವೆಂಬಂತೆ, “ನೀ ಹೆದ್ರಬೇಡ, ನಾವೆಲ್ಲಾ ಇದ್ದೇವಲ್ಲ. ಬಾಗಿಲು ತೆಗೆದಿಟ್ಟು ಹೋಗು, ನೋಡ್ಕೊಳ್ತೇವೆ” ಎಂದಳು.

ಆ ಮಾತು ಕಿಟಕಿಯಿಂದ ಒಳಗೆ ಕೇಳಿರಬೇಕು. ಜಹೀರ್ ಗೋಡೆ ತಟ್ಟಿದ. ಖತೀಜಾ ಒಳಗೆ ಓಡಿದಳು.

“ಹೊರಗಿಂದ ಬೀಗ ಹಾಕ್ಕೊಂಡು ಹೋಗು” ಎಂದ ಅವನು. “ಬೆನ್ನು ಹುಣ್ಣಾದ್ರೆ ಆಗ್ಲಿ. ಅವ್ರ ಕೈ ಮಾತ್ರ ನನ್ನ ಮೈಗೆ ತಾಗೂದು ಬೇಡ.”

ತನುಜಾ ಇನ್ನೂ ಗೇಟಿನಲ್ಲೇ ನಿಂತಿದ್ದಳು. ಖತೀಜಾ ಅವಳೆದುರೇ ಬೀಗ ಹಾಕಿ, ಜಗ್ಗಿ ನೋಡಿ, ಪೇಟೆಯ ಕಡೆ ಹೊರಟಳು.